ಅನುಪಾತದ ಡೇಟಾ ಸಫಿಷಿಯೆನ್ಸಿ: ಎಕ್ಸ್ ಇಡಬೇಕಾ, ಸಂಖ್ಯೆ ಹಾಕಿ ನೋಡಬೇಕಾ?

ಜಿಮ್ಯಾಟ್‌ಗೆ (ಎಂಬಿಎ ಪ್ರವೇಶ ಪರೀಕ್ಷೆ) ಓದುವವರಿಗೆ ಈ ಗೊಂದಲ ಸಹಜ. ಡೇಟಾ ಸಫಿಷಿಯೆನ್ಸಿ ಪ್ರಶ್ನೆಯಲ್ಲಿ ಉತ್ತರ ಬಿಡಿಸಬೇಕಿಲ್ಲ, ಕೊಟ್ಟ ಹೇಳಿಕೆಗಳು ಉತ್ತರಕ್ಕೆ ಸಾಕಾ ಅಂತ ಹೇಳಿದರೆ ಆಯ್ತು. ಒಂದು ಲೆಕ್ಕ ನೋಡಿ. ತರಗತಿಯಲ್ಲಿ ಹುಡುಗರು, ಹುಡುಗಿಯರ ಅನುಪಾತ 3:5. ಹುಡುಗರೆಷ್ಟು?

ಹೇಳಿಕೆ 1: ಇನ್ನೂ 4 ಹುಡುಗರು ಸೇರಿದರೆ ಅನುಪಾತ 5:7 ಆಗುತ್ತದೆ. ಇಲ್ಲಿ ಬೀಜಗಣಿತವೇ ಸಲೀಸು. ಹುಡುಗರು 3ಎಕ್ಸ್, ಹುಡುಗಿಯರು 5ಎಕ್ಸ್ ಅಂತಿಟ್ಟರೆ (3ಎಕ್ಸ್ + 4)/5ಎಕ್ಸ್ = 5/7. ಒಂದೇ ಅಜ್ಞಾತ, ಒಂದು ಸರಳ ಸಮೀಕರಣ. ಎಕ್ಸ್ ಹೊಡೆದುಹೋಗುವುದಿಲ್ಲ ಅಂತ ಕಂಡರೆ ಸಾಕು, ಬಿಡಿಸಬೇಕಾಗಿಲ್ಲ! (ಬಿಡಿಸಿದರೆ ಎಕ್ಸ್ 7, ಹುಡುಗರು 21.) ಸಂಖ್ಯೆ ಹಾಕುತ್ತಾ ಕೂತರೆ ಸುಮ್ನೆ ಸಮಯ ಹಾಳು.

ಹೇಳಿಕೆ 2: ಒಟ್ಟು ಮಕ್ಕಳು 50ಕ್ಕಿಂತ ಜಾಸ್ತಿ, 60ಕ್ಕಿಂತ ಕಡಿಮೆ. ಸಮೀಕರಣವೇ ಇಲ್ಲ, ಹಾಗಾಗಿ ಎಕ್ಸ್ ನಂಬಿದವರು 'ಸಾಲದು' ಅಂದುಬಿಡುತ್ತಾರೆ. ಆದರೆ ಮಕ್ಕಳು ಪೂರ್ಣಸಂಖ್ಯೆ ಅಲ್ವಾ? ಒಟ್ಟು 8ರ ಗುಣಕವೇ ಆಗಬೇಕು. ನಡುವೆ ಇರುವುದು 56 ಮಾತ್ರ. ಇದೂ ಸಾಕು.

ಸಮೀಕರಣ ಸಿಕ್ಕರೆ ಎಕ್ಸ್ ಇಡಿ. ಮಿತಿ ಕೊಟ್ಟಿದ್ದರೆ ಗುಣಕಗಳನ್ನು ಎಣಿಸಿ.