ಕೊಡಿಯಾಕ್ 100: ಗುಡ್ಡದ ಮಿಷನ್ ಏರ್‌ಸ್ಟ್ರಿಪ್‌ಗಳಿಗೆ ಎಷ್ಟು ಒಗ್ಗುತ್ತದೆ?

ಇಂಡೊನೇಷ್ಯಾದ ಪಪುವಾ ಗುಡ್ಡಗಾಡಿನಲ್ಲಿ ಬೈಬಲ್ ಅನುವಾದಕ್ಕೆ ಕೂತವರು, ಸಭೆ ನಡೆಸುವ ಪಾಸ್ಟರ್, ಲಸಿಕೆ ಡಬ್ಬಿ ಹಿಡಿದ ನರ್ಸ್ ಎಲ್ಲರೂ ಕಾಯುವುದು ಒಂದೇ ವಿಮಾನಕ್ಕೆ. ಬಹುಕಾಲ ಆ ಕೆಲಸ ಮಾಡಿದ್ದು ಆರು ಸೀಟಿನ ಸೆಸ್ನಾ 206. ಅದು ಕುಡಿಯುವ ಏವಿಗ್ಯಾಸ್ (ಸಣ್ಣ ಪಿಸ್ಟನ್ ವಿಮಾನಗಳ ಪೆಟ್ರೋಲ್) ಅಲ್ಲಿ ದುಬಾರಿ, ಸಿಗುವುದೂ ಕಷ್ಟ. ಜೆಟ್ ಇಂಧನವಾದರೆ ದೊಡ್ಡ ವಿಮಾನ ಇಳಿಯುವ ಕಡೆಯೆಲ್ಲ ಇರುತ್ತದೆ. ಈ ಕೊರತೆ ನೀಗಿಸಲೆಂದೇ, ಮಿಷನ್ ವಿಮಾನ ಸಂಸ್ಥೆಗಳ ನೆರವಿನಿಂದ, ಅಮೆರಿಕದ ಐಡಾಹೊದ ಸ್ಯಾಂಡ್‌ಪಾಯಿಂಟ್‌ನಲ್ಲಿ ಕ್ವೆಸ್ಟ್ ಕಂಪನಿ ಜೆಟ್ ಇಂಧನದಲ್ಲಿ ಓಡುವ ಕೊಡಿಯಾಕ್ ಕಟ್ಟಿತು. 2007ರಲ್ಲಿ ಪ್ರಮಾಣಪತ್ರ ಸಿಕ್ಕಿತು. 2019ರಲ್ಲಿ ಕಂಪನಿ ಫ್ರಾನ್ಸಿನ ಡಾಹೆರ್ ಪಾಲಾಯಿತು.

ಇದರ ಬಲ ಇರುವುದು ನೆಲ ಬಿಡುವುದರಲ್ಲಿ. 750 ಅಶ್ವಶಕ್ತಿಯ ಪಿಟಿ6 ಟರ್ಬೈನ್, ಪೂರ್ಣ ತೂಕ 3,290 ಕೆಜಿ, ಆ ತೂಕದಲ್ಲೂ ಸಮುದ್ರಮಟ್ಟದಲ್ಲಿ ಸುಮಾರು 285 ಮೀಟರ್ ಓಡಿದರೆ ಸಾಕು. ಇದಕ್ಕಿಂತ ದೊಡ್ಡದಾದ ಸೆಸ್ನಾ ಗ್ರ್ಯಾಂಡ್ ಕ್ಯಾರವಾನ್‌ಗೆ 400 ಮೀಟರ್ ದಾಟುತ್ತದೆ. ಆದರೆ 285 ಎಂಬುದು ಕಂಪನಿ ಪುಸ್ತಕದ ಅಂಕಿ. 1,650 ಮೀಟರ್ ಎತ್ತರದ ಪಪುವಾದ ವಮೇನಾ ಊರಿನಲ್ಲಿ ಬಿಸಿಲು ಏರಿ 24 ಡಿಗ್ರಿ ಆದರೆ, ವಿಮಾನಕ್ಕೆ ಗಾಳಿ 2,350 ಮೀಟರ್ ಎತ್ತರದಷ್ಟು ತೆಳುವಾಗಿರುತ್ತದೆ. ಸುತ್ತಲಿನ ಹಳ್ಳಿಯ ಏರ್‌ಸ್ಟ್ರಿಪ್‌ಗಳಲ್ಲಾದರೆ ಅದರ ಮೇಲೆ ಒದ್ದೆ ಹುಲ್ಲು ಬೇರೆ. ಹೊರೆ ಇಳಿಸದೆ ದಾರಿಯಿಲ್ಲ.

ಹಾಗಾಗಿ ಈ ವಿಮಾನದ ಅತಿ ಮುಖ್ಯ ಉಪಕರಣ ಕಾಕ್‌ಪಿಟ್‌ನಲ್ಲಿಲ್ಲ, ಹೊರಗಿರುವ ತಕ್ಕಡಿ ಅದು. ಜನ, ಮೂಟೆ, ಕೈಚೀಲ ಎಲ್ಲವೂ ಅದರ ಮೇಲೆ ಏರಬೇಕು. ಲೆಕ್ಕ ಹೀಗೆ: ಇಂಧನಕ್ಕೂ ಹೊರೆಗೂ ಸೇರಿ ಸಿಗುವುದು ಸುಮಾರು 1,600 ಕೆಜಿ. ಟ್ಯಾಂಕ್ ತುಂಬಿಸಿದರೆ ಇಂಧನವೇ 970 ಕೆಜಿ ತಿನ್ನುತ್ತದೆ. ಪೈಲಟ್ ಕೂತ ಮೇಲೆ ಉಳಿಯುವುದು 550ರ ಆಸುಪಾಸು. ಎರಡು ಗಂಟೆಯ ಇಂಧನ (ಸುಮಾರು 290 ಕೆಜಿ) ಮಾತ್ರ ಹಾಕಿದರೆ 1,200 ಕೆಜಿ ಹೊರಬಹುದು. ಸೀಟು, ಬಲೆ, ಹೊಟ್ಟೆಯಡಿಯ ಸಾಮಾನು ಪೆಟ್ಟಿಗೆ (ಪಾಡ್) ಸೇರಿಸುತ್ತ ಹೋದಂತೆ ಇದೂ ಕರಗುತ್ತದೆ. ತಕ್ಕಡಿಗೆ ಸುವಾರ್ತೆಯ ಪುಸ್ತಕವೂ ಒಂದೇ, ತಗಡಿನ ಶೀಟೂ ಒಂದೇ.

ಇಳಿಯುವುದು ಬೇರೆಯದೇ ವಿದ್ಯೆ. ಇಂಥ ಏರ್‌ಸ್ಟ್ರಿಪ್‌ಗಳಲ್ಲಿ ಹಲವು ಒಂದೇ ದಿಕ್ಕಿನವು: ಏರು ಮುಖವಾಗಿ ಇಳಿ, ಇಳಿಜಾರಿನಲ್ಲಿ ಹಾರು. ಎದುರಿಗೆ ಗುಡ್ಡ. ಒಂದು ಗುರುತು ದಾಟಿದ ಮೇಲೆ ಮತ್ತೆ ಎತ್ತಿಕೊಂಡು ಹೋಗುವ ಮಾತೇ ಇಲ್ಲ. ಹಂದಿಯೋ ಮಕ್ಕಳೋ ಅಡ್ಡ ಬಂದಿದ್ದಾರೆಯೇ ಎಂದು ಅದಕ್ಕೂ ಮೊದಲೇ ನೋಡಿರಬೇಕು. ಚಕ್ರ ನೆಲ ಮುಟ್ಟಿತೆಂದು ಪವರ್ ತೆಗೆದರೆ ಅರ್ಧ ಏರಿನಲ್ಲೇ ನಿಂತುಬಿಡುತ್ತದೆ. ತುದಿಯವರೆಗೂ ಪವರ್ ಕೊಟ್ಟು ಹತ್ತಿಸಿ, ಅಡ್ಡ ತಿರುಗಿಸಿ ನಿಲ್ಲಿಸಿ, ಚಕ್ರಕ್ಕೆ ಅಡೆ ಇಡಬೇಕು.

ಪ್ರೊಪೆಲರ್ ನೆಲದಿಂದ 48 ಸೆಂ.ಮೀ. ಮೇಲಿದೆ, ಒಳ್ಳೆಯದೇ. ಆದರೂ ಜಲ್ಲಿಯ ಮೇಲೆ ನಿಧಾನವಾದ ಮೇಲೂ ರಿವರ್ಸ್ (ವೇಗ ತಗ್ಗಿಸಲು ಪ್ರೊಪೆಲರ್ ಗಾಳಿಯನ್ನು ಮುಂದಕ್ಕೆ ತಳ್ಳುವುದು) ಹಿಡಿದೇ ಇದ್ದರೆ ಕಲ್ಲು ಎದ್ದು ಬ್ಲೇಡಿನ ಅಂಚು ಹಲ್ಲುಹಲ್ಲಾಗುತ್ತದೆ. ದೂಳಿದ್ದರೆ, ಎಂಜಿನ್ನಿಗೆ ಹೋಗುವ ಗಾಳಿಯಿಂದ ದೂಳು ಬೇರ್ಪಡಿಸುವ ಇನರ್ಷಿಯಲ್ ಸೆಪರೇಟರ್ ತೆರೆದಿಡಬೇಕು. ಎಂಜಿನ್ನಿನ ಬಲ ತುಸು ಕುಗ್ಗುವುದನ್ನು ಲೆಕ್ಕಕ್ಕೆ ಹಿಡಿದಿರಬೇಕು. ನಿಜವಾದ ತಲೆನೋವು ಬ್ಯಾಟರಿ. ಅದು ಸೊರಗಿದ್ದರೆ ಸ್ಟಾರ್ಟ್ ಮಾಡುವಾಗ ಟರ್ಬೈನ್ ಸಾಕಷ್ಟು ವೇಗ ಹಿಡಿಯುವುದಿಲ್ಲ. ಆಗ ಎಂಜಿನ್ನಿಗೆ ಇಂಧನ ಹರಿಸಿದರೆ ಉಷ್ಣ ಮಿತಿ ಮೀರಿ ಒಳಭಾಗ ಸುಟ್ಟು ಹೋಗುತ್ತದೆ. ಗುಡ್ಡದ ಊರಿನಲ್ಲಿ ಹೊರಗಿನಿಂದ ಕರೆಂಟ್ ಕೊಡುವ ಗಾಡಿ ಎಲ್ಲಿಂದ ಬರಬೇಕು?

ರೆಕ್ಕೆಯ ಮುಂದಿನ ಅಂಚಿನ ಮೆಟ್ಟಿಲಿನಂಥ ವಿನ್ಯಾಸಕ್ಕೆ ಪೂರ್ತಿ ಅಂಕ: ರೆಕ್ಕೆಯ ಹೊರಭಾಗ ಎತ್ತಿಹಿಡಿಯುವ ಬಲ ಕಳೆದುಕೊಳ್ಳುವುದು ಎಲ್ಲಕ್ಕಿಂತ ಕೊನೆಗಾದ್ದರಿಂದ, ವೇಗ ತೀರಾ ಇಳಿದಾಗಲೂ ಓರೆ ಸರಿಪಡಿಸುವ ಹಿಡಿತ ಉಳಿದಿರುತ್ತದೆ. ಕಾಕ್‌ಪಿಟ್‌ನ ಗಾರ್ಮಿನ್ ಪರದೆಯಲ್ಲಿ ಬೆಟ್ಟಗಳ ಚಿತ್ರ ಚೆನ್ನಾಗಿಯೇ ಕಾಣುತ್ತದೆ, ಆದರೆ ಅದನ್ನು ನಂಬಿ ಮೋಡ ಮುಚ್ಚಿದ ಕಣಿವೆಗೆ ನುಗ್ಗುವಂತಿಲ್ಲ. ಸುತ್ತುಗಳನ್ನು ಬೆಳಗ್ಗೆಯೇ ಮುಗಿಸಿಕೊಳ್ಳಬೇಕು.

ಏರ್‌ಸ್ಟ್ರಿಪ್ ಉದ್ದವಾಗಿದ್ದು ಹೊರೆಯೇ ಮುಖ್ಯವಾದರೆ ಕ್ಯಾರವಾನ್ ತಗೊಳ್ಳಿ. 400–500 ಮೀಟರಿನ ಹುಲ್ಲು ಏರುಗಳಿಗೆ ಕೊಡಿಯಾಕೇ ಸರಿ, ಜೊತೆಗೆ ಒಂದು ಹೆಚ್ಚುವರಿ ಬ್ಯಾಟರಿಗೂ ದುಡ್ಡು ಎತ್ತಿಡಿ.