ಪೈಪ್ ಆರ್ಗನ್ ಕಲಿಯಲು ಮೊದಲು ಯಾವುದರ ಮುಂದೆ ಕೂರಬೇಕು?

ಪೈಪ್ ಆರ್ಗನ್, ಅಂದರೆ ಚರ್ಚುಗಳಲ್ಲಿರುವ ಕೊಳವೆ ವಾದ್ಯ, ಕಲಿಯಬೇಕೆಂದು ದಾವಣಗೆರೆಯಲ್ಲಿ ಯಾರೇ ಕೇಳಲಿ, ನಾನು ಹೇಳುವುದು ಒಂದೇ: 61 ಮನೆಯ (ಬೆರಳಿನಿಂದ ಒತ್ತುವ ಕೀಲಿಯ) ಹಗುರ ಮಿಡಿ ಕೀಬೋರ್ಡ್ (ಯಾವ ಮನೆ ಒತ್ತಿದಿರಿ ಎಂದು ಕಂಪ್ಯೂಟರಿಗೆ ತಿಳಿಸುವ ಕೀಬೋರ್ಡ್), ಮನೆಯಲ್ಲಿರುವ ಲ್ಯಾಪ್‌ಟಾಪ್, ಅದರಲ್ಲಿ ಆರ್ಗನ್ನಿನ ದನಿ ಹೊರಡಿಸುವ ಗ್ರ್ಯಾಂಡ್‌ಆರ್ಗ್ (GrandOrgue) ಎಂಬ ಉಚಿತ ತಂತ್ರಾಂಶ, ಜೊತೆಗೊಂದು ವೈರಿನ ಹೆಡ್‌ಫೋನ್. ತಾಳ, ಹಿನ್ನೆಲೆ ತಾನೇ ನುಡಿಸುವ ಅರೇಂಜರ್ ಕೀಬೋರ್ಡ್, 88 ಮನೆಯ ಡಿಜಿಟಲ್ ಪಿಯಾನೊ, ನಾಟಕ ಕಂಪನಿಯವರ ಕಾಲು ಹಾರ್ಮೋನಿಯಂ, ಈ ಮೂರನ್ನೂ ಇದೇ ಕೆಲಸಕ್ಕೆ ಹಚ್ಚಿ ನೋಡಿದ ಮೇಲೆ ಹೇಳುತ್ತಿರುವ ಮಾತಿದು.

ಕಾರಣ ಆರ್ಗನ್ನಿನ ಸ್ವಭಾವದಲ್ಲೇ ಇದೆ. ಮನೆ ಒತ್ತಿದಾಗ ಕೊಳವೆಗೆ ಗಾಳಿ ಹೋಗುತ್ತದೆ, ಹಿಡಿದಷ್ಟು ಹೊತ್ತು ಸ್ವರ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ, ಬೆರಳೆತ್ತಿದರೆ ನಿಂತುಹೋಗುತ್ತದೆ. ಎಷ್ಟು ಜೋರಾಗಿ ಕುಟ್ಟಿದರೂ ದನಿ ಏರುವುದಿಲ್ಲ. ಹಾಗಾಗಿ ಹಾಡಿಗೆ ಉಸಿರು ಬರುವುದೂ ಒತ್ತು ಬರುವುದೂ ಬೆರಳನ್ನು ಯಾವಾಗ ಎತ್ತುತ್ತೀರಿ ಎಂಬುದರಿಂದಲೇ. ಆ ಎತ್ತುವಿಕೆಯ ತಪ್ಪನ್ನು ಮುಚ್ಚದೆ ಕೇಳಿಸುವ ವಾದ್ಯವೇ ಹೊಸಬರಿಗೆ ಬೇಕು.

ಡಿಜಿಟಲ್ ಪಿಯಾನೊ ಇಲ್ಲೇ ಸೋಲುತ್ತದೆ. ತೂಕದ ಮನೆಗಳು ಬೆರಳಿನ ಬಲ ಕಲಿಸುತ್ತವೆ, ಆರ್ಗನ್ನಿಗೆ ಅದು ಬೇಡ. ಸಾಲದ್ದಕ್ಕೆ ಬೆರಳೆತ್ತಿದ ಮೇಲೂ ಸ್ವರ ಹಿಡಿದಿಡುವ ಸಸ್ಟೇನ್ ಪೆಡಲ್ ಬೆರಳ ನಡುವಿನ ಬಿರುಕನ್ನೆಲ್ಲ ಮುಚ್ಚಿಬಿಡುತ್ತದೆ. ಈಗಾಗಲೇ ಕೊಂಡಿದ್ದರೆ ಪೆಡಲನ್ನು ಕಿತ್ತಿಟ್ಟು ಅಭ್ಯಾಸ ಮಾಡಿ.

ಅರೇಂಜರ್ ಕೀಬೋರ್ಡಿನ ಮನೆಗಳು ಹಗುರ, ಅದು ಒಳ್ಳೆಯದೇ. ಆದರೆ ಅದರ ‘ಚರ್ಚ್ ಆರ್ಗನ್’ ದನಿ ಮೊದಲೇ ಕಲಸಿಟ್ಟದ್ದು. 8 ಅಡಿಯ ಫ್ಲೂಟ್ (ಆರ್ಗನ್ನಿನ ಒಂದು ಕೊಳವೆ ಸಾಲು; ಅಡಿಯ ಲೆಕ್ಕ ಅದರ ಅತಿ ಉದ್ದದ ಕೊಳವೆಯದು) ಒಂದನ್ನೇ ತೆರೆದು, ಅದರ ಮೇಲೆ 4 ಅಡಿಯದನ್ನು ಸೇರಿಸಿದರೆ ಒಂದು ಸ್ಥಾಯಿ ಮೇಲಿನ ಸ್ವರವೂ ಕೂಡಿಕೊಳ್ಳುವುದನ್ನು ಕಿವಿಯಾರೆ ಕಲಿಯಲು ಹೆಚ್ಚಿನವುಗಳಲ್ಲಿ ಆಗುವುದಿಲ್ಲ. ಆ ಕೀಬೋರ್ಡಿನಲ್ಲಿ ಯುಎಸ್‌ಬಿ ಮಿಡಿ ಇದ್ದರೆ, ಅದರ ಸ್ವಂತ ದನಿ ಬಾರದಂತೆ ಲೋಕಲ್ ಕಂಟ್ರೋಲ್ ಆಫ್ ಮಾಡಿ ಲ್ಯಾಪ್‌ಟಾಪಿಗೆ ಜೋಡಿಸಿ. ಹೊಸ ಕೀಬೋರ್ಡಿನ ಖರ್ಚು ಉಳಿಯಿತು.

ಕಾಲು ಹಾರ್ಮೋನಿಯಂಗೆ ನನ್ನ ಎರಡನೇ ಸ್ಥಾನ, ಅದೂ ಗೌರವದಿಂದ. ಚಿಂದೋಡಿ ಮನೆತನದ ಕೆ.ಬಿ.ಆರ್. ನಾಟಕ ಕಂಪನಿಯ ಊರಿದು, ಆ ಪೆಟ್ಟಿಗೆಯ ದನಿ ಇಲ್ಲಿನ ಹಿರಿಯರ ಕಿವಿಯಲ್ಲಿದೆ. 1842ರಲ್ಲಿ ಪ್ಯಾರಿಸ್ಸಿನ ಅಲೆಕ್ಸಾಂಡ್ರ್ ದೆಬ್ಯಾಂ ಪೇಟೆಂಟ್ ಪಡೆದ ಹಾರ್ಮೋನಿಯಂ ಕೂಡ ಕಾಲಿನಿಂದ ಗಾಳಿ ಒತ್ತುವಂಥದ್ದೇ. ಭಜನೆಯ ಕೈಪೆಟ್ಟಿಗೆ ನುಡಿಸುವವರ ಎಡಗೈ ತಿದಿಗೇ ಮೀಸಲು, ಹಾಗಾಗಿ ಆರ್ಗನ್ನಿಗೆ ಬಂದಾಗ ಎಡಗೈ ಓಂಕಾರದಿಂದ ಶುರು ಮಾಡಬೇಕು. ಕಾಲುಪೆಟ್ಟಿಗೆಯಲ್ಲಿ ಎರಡು ಕೈಯೂ ಬಿಡುವು, ಬೆರಳೆತ್ತಿದರೆ ಸ್ವರವೂ ತಟ್ಟನೆ ನಿಲ್ಲುತ್ತದೆ. ತೊಡಕು ಗಾಳಿಯದು: ಜೋರಾಗಿ ತುಳಿದರೆ ದನಿ ಏರುತ್ತದೆ, ಆರ್ಗನ್ನಿನಲ್ಲಿ ಗಾಳಿಯ ಒತ್ತಡ ಸ್ಥಿರ. ಬಹುಪಾಲು ಪೆಟ್ಟಿಗೆಗಳಲ್ಲಿ 61 ಮನೆ ಇರುವುದಿಲ್ಲ. ಧೂಳು ಕೂತ ರೀಡ್ ಮೂಕಾದರೆ ರಿಪೇರಿ ಬಲ್ಲವರನ್ನು ಹುಡುಕಬೇಕು.

ಇನ್ನು ಲ್ಯಾಪ್‌ಟಾಪಿನ ಕಾಟ. ಜೋಡಿಸಿದ ಮೊದಲ ದಿನವೇ ಮನೆ ಒತ್ತಿದ್ದು ಈಗ, ಸ್ವರ ಬಂದದ್ದು ಆಮೇಲೆ ಎನ್ನಿಸುತ್ತದೆ. ಎಷ್ಟೋ ಜನ ಇಲ್ಲೇ ಕೈಬಿಡುತ್ತಾರೆ. ವಿಂಡೋಸ್‌ನ ಸಾಮಾನ್ಯ ಆಡಿಯೊ ದಾರಿ ಶಬ್ದವನ್ನು ದೊಡ್ಡ ದೊಡ್ಡ ಕಂತುಗಳಲ್ಲಿ ಸಾಗಿಸುವುದರಿಂದ ಹೀಗಾಗುತ್ತದೆ. ಸೆಕೆಂಡಿಗೆ 44,100 ಸ್ಯಾಂಪಲ್ (ಶಬ್ದದ ಬಿಡಿ ಅಳತೆಗಳು) ಇರುವಾಗ 1024ರ ಕಂತಿಗೆ ಸುಮಾರು 23 ಮಿಲಿಸೆಕೆಂಡ್, 256ರ ಕಂತಿಗೆ 6ಕ್ಕೂ ಕಡಿಮೆ. ದೊಡ್ಡ ಕಂತುಗಳು ಎರಡು ಮೂರು ಸಾಲುಗಟ್ಟಿದರೆ ಬೆರಳು ಸ್ವರಕ್ಕಾಗಿ ಕಾಯಲು ಶುರುವಾಗಿ ತಾಳ ಎಳೆಯುತ್ತದೆ. ನಿಮಗದು ಗೊತ್ತೇ ಆಗುವುದಿಲ್ಲ, ಜೊತೆಗೆ ಹಾಡುವವರಿಗೆ ಗೊತ್ತಾಗುತ್ತದೆ.

ಮೊದಲು ಬ್ಲೂಟೂತ್ ಹೆಡ್‌ಫೋನ್ ತೆಗೆದಿಡಿ. ಅದು ಸೇರಿಸುವ ತಡವನ್ನು ಯಾವ ಸೆಟ್ಟಿಂಗೂ ಸರಿಪಡಿಸಲಾರದು. ಆಮೇಲೆ ಏಸಿಯೊ4ಆಲ್ (ASIO4ALL) ಎಂಬ ಉಚಿತ ಡ್ರೈವರ್ ಹಾಕಿ, ಗ್ರ್ಯಾಂಡ್‌ಆರ್ಗ್‌ನ ಆಡಿಯೊ ಸೆಟ್ಟಿಂಗಿನಲ್ಲಿ ಅದನ್ನೇ ಆರಿಸಿ, ಬಫರನ್ನು, ಅಂದರೆ ಕಂತಿನ ಗಾತ್ರವನ್ನು, 256ಕ್ಕೆ ಇಳಿಸಿ. ಚಟಚಟ ಸದ್ದು ಬಂದರೆ 512ಕ್ಕೆ ಏರಿಸಿ, ಪಾಲಿಫೊನಿ ಮಿತಿ (ಒಮ್ಮೆಗೆ ಎಷ್ಟು ದನಿ ಮೊಳಗಬಹುದು ಎಂಬ ಮಿತಿ) ತಗ್ಗಿಸಿ. ಚಾರ್ಜರ್ ತೆಗೆದಾಗ ಮಾತ್ರ ಚಟಚಟ ಎಂದರೆ ತಪ್ಪು ಪವರ್ ಸೆಟ್ಟಿಂಗಿನದು. ಬ್ಯಾಟರಿ ಉಳಿಸಲು ಪ್ರೊಸೆಸರ್ ನಿಧಾನವಾಗಿರುತ್ತದೆ. ಕರೆಂಟು ಹೋದ ಗಳಿಗೆಗೇ ಇದು ಕಾಡುವುದರಿಂದ ಬ್ಯಾಟರಿಯಲ್ಲೂ ಪೂರ್ಣ ವೇಗ ಇರುವಂತೆ ಮೊದಲೇ ಬದಲಿಸಿಡಿ. 4 ಜಿಬಿ ರ‍್ಯಾಮ್ ಆದರೆ ಆರ್ಗನ್ ಸ್ಯಾಂಪಲ್‌ಗಳನ್ನು (ನಿಜ ಕೊಳವೆಗಳಿಂದ ಮುದ್ರಿಸಿಕೊಂಡ ದನಿಗಳನ್ನು) 16 ಬಿಟ್, ಮೊನೊದಲ್ಲಿ ಲೋಡ್ ಮಾಡಿ. ಸ್ವರವೊಂದು ಸಿಕ್ಕಿಕೊಂಡು ಕೂಗುತ್ತಲೇ ಇದ್ದರೆ ಮೊದಲು ಯುಎಸ್‌ಬಿ ಕೇಬಲ್ ಸಡಿಲವಾಗಿದೆಯೇ ನೋಡಿ.

ದೊಡ್ಡ ಚರ್ಚಿನ ಅನುರಣನವಿರುವ ಸ್ಯಾಂಪಲ್ ಸೆಟ್ಟುಗಳು ಮನಸ್ಸು ಸೆಳೆಯುತ್ತವೆ. ಆದರೆ ಆ ಮೊಳಗು ಸಸ್ಟೇನ್ ಪೆಡಲ್ ಮಾಡುವ ಕೆಲಸವನ್ನೇ ಮಾಡುತ್ತದೆ. ಮೊದಲ ತಿಂಗಳುಗಳಲ್ಲಿ ಮೊಳಗಿಲ್ಲದ ಚಿಕ್ಕ ಸೆಟ್ಟು ಸಾಕು. 8 ಅಡಿಯ ಫ್ಲೂಟ್ ಮಾತ್ರ ತೆರೆದು ಮಧ್ಯದ ಸಿ ಮನೆಯನ್ನು ಹೆಬ್ಬೆರಳಿನಿಂದ ಹಿಡಿಯಿರಿ. ಸ್ವರ ಕಡಿಯದಂತೆ ಅದೇ ಮನೆಗೆ ತೋರುಬೆರಳು ತಂದು ಹೆಬ್ಬೆರಳನ್ನು ಬಿಡಿಸಿ, ಮುಂದಿನ ಮನೆಗೆ ಹೋಗಿ. ಒಂದೇ ಸ್ವರ ಮರುಕಳಿಸುವಲ್ಲಿ ಅರ್ಧ ಕಾಲ ಹಿಡಿದು ಅರ್ಧ ಬಿಡಿ. ಮೆಟ್ರೊನೋಮ್ ನಿಮಿಷಕ್ಕೆ 60 ಬಡಿತದಲ್ಲಿರಲಿ.

ರಾತ್ರಿ ಹತ್ತರ ಮೇಲೆ, ಒಂದೇ ಗೋಡೆಯಾಚೆ ಬೇರೆ ಸಂಸಾರವಿರುವ ಮನೆಯಲ್ಲಿ ನುಡಿಸುವ ನನಗೆ ಹೆಡ್‌ಫೋನ್ ಇಲ್ಲದ ವಾದ್ಯ ಒಗ್ಗುವುದಿಲ್ಲ. ಕೈಯಲ್ಲಿ ಲ್ಯಾಪ್‌ಟಾಪ್ ಇದ್ದಾಗ ಕೀಬೋರ್ಡಿಗಿಂತ ಹೆಚ್ಚು ಖರ್ಚನ್ನು ಆರಂಭದಲ್ಲೇ ಮಾಡಲೂ ಮನಸ್ಸಿಲ್ಲ. ಹಗಲು ಬಿಡುವಿದ್ದು, ಸುಸ್ಥಿತಿಯ ಕಾಲುಪೆಟ್ಟಿಗೆ ಮನೆಯಲ್ಲೇ ಇರುವವರು ಖಂಡಿತ ಅದರಲ್ಲೇ ಶುರು ಮಾಡಲಿ.

ಆರ್ಗನ್ನಿನಲ್ಲಿ ಕಾಲಿನಿಂದ ನುಡಿಸುವ ಮನೆಗಳ ಸಾಲು, ಅಂದರೆ ಪೆಡಲ್‌ಬೋರ್ಡ್, ಕೊಳ್ಳಲು ಅವಸರ ಬೇಡ. ಪೂರ್ಣ ಪೆಡಲ್‌ಬೋರ್ಡಿನಲ್ಲಿ 30 ಅಥವಾ 32 ಮನೆ. 13 ಮನೆಯ ಚಿಕ್ಕದನ್ನು ಕೊಳ್ಳಬೇಡಿ, ಕೀರ್ತನೆಯ ಕೆಳದನಿ ಒಂದೇ ಸ್ಥಾಯಿಯೊಳಗೆ ನಿಲ್ಲುವುದಿಲ್ಲ. ಬಡಗಿಯಿಂದ ಮಾಡಿಸುವುದಾದರೆ ಪಕ್ಕಪಕ್ಕದ ಬಿಳಿ ಮನೆಗಳ ನಡುಗೆರೆಯಿಂದ ನಡುಗೆರೆಗೆ ಎರಡೂವರೆ ಇಂಚು ಹಿಡಿಸಿ. ಬೆಂಚಿನ ಕಾಲಡಿ ಹಲಗೆ ಇಟ್ಟು ಎತ್ತರ ಬದಲಿಸುವಂತಿರಲಿ, ಚಪ್ಪಲಿ ಬಿಟ್ಟು ತೆಳು ಅಟ್ಟೆಯ, ಪಾದಕ್ಕೆ ಬಿಗಿಯಾದ ಶೂ ಹಾಕಿ.