ತೆಂಗಿನ ನೆರಳು, ಉಪ್ಪುಗಾಳಿ, ನಮ್ಮ ಟ್ರೇಲರಿನ ಸೋಲಾರ್: ಮೂರು ಮಳೆಗಾಲ ಕಳೆದ ಮೇಲೆ

ನಮ್ಮ ಕ್ಯಾಂಪರ್ ಟ್ರೇಲರ್ ಮನೆಗೆ ಬಂದದ್ದು 2021ರ ಡಿಸೆಂಬರಿನಲ್ಲಿ. ಕಾರಿನ ಹಿಂದೆ ಕಟ್ಟಿ ಎಳೆಯುವ, ಮೂರು ಜನ ಮಲಗಬಹುದಾದ ಸಣ್ಣ ಗಾಡಿ. ನಮ್ಮದು ಕಟಪಾಡಿ. ಬೇಸಿಗೆಯಲ್ಲಿ ಕಡಲ ಬದಿ, ಮಳೆ ಕಡಿಮೆಯಾದ ಮೇಲೆ ಘಟ್ಟದ ಬುಡ, ಹೀಗೆ ವರ್ಷಕ್ಕೆ 50-60 ರಾತ್ರಿ ಅದರಲ್ಲೇ ಮಲಗುತ್ತೇವೆ. ಎಲ್ಲೂ ಪ್ಲಗ್ ಪಾಯಿಂಟ್ ಕೇಳಿಕೊಂಡು ಹೋಗಬಾರದು ಎಂಬ ಆಸೆಯಿಂದ ಸೋಲಾರ್ ಹಾಕಿಸಿದೆವು. ಅದರ ಒಳ್ಳೆಯದು, ಕೆಟ್ಟದ್ದು ಎರಡನ್ನೂ ಬರೆಯುತ್ತೇನೆ. ನಮ್ಮ ಕರಾವಳಿಯಲ್ಲಿ ಹಾಕಿಸುವವರಿಗೆ ಬೇರೆ ಊರಿನ ಲೆಕ್ಕ ಹೊಂದುವುದಿಲ್ಲ.

ಈಗ ಇರುವುದು ಇಷ್ಟು. ಮಾಡಿನ ಮೇಲೆ 200 ವ್ಯಾಟಿನ ಎರಡು ಪ್ಯಾನೆಲ್. ವಿಕ್ಟ್ರಾನ್ ಸ್ಮಾರ್ಟ್‌ಸೋಲಾರ್ 100/30 ಕಂಟ್ರೋಲರ್, ಅಂದರೆ ಪ್ಯಾನೆಲಿನ ಕರೆಂಟನ್ನು ಬ್ಯಾಟರಿಗೆ ಹೊಂದುವ ಹಾಗೆ ಮಾಡಿ ಕೊಡುವ ಪೆಟ್ಟಿಗೆ (100 ವೋಲ್ಟ್, 30 ಆಂಪಿಯರ್‌ವರೆಗೆ). 12.8 ವೋಲ್ಟ್, 200 ಆಂಪಿಯರ್‌ಅವರ್‌ನ ಲಿಥಿಯಂ ಫಾಸ್ಫೇಟ್ ಬ್ಯಾಟರಿ. ಮಿಕ್ಸಿಗಾಗಿ 1000 ವ್ಯಾಟಿನ ಪ್ಯೂರ್ ಸೈನ್ ಇನ್ವರ್ಟರ್. ಕಾರು ಓಡುವಾಗ ಚಾರ್ಜ್ ಆಗಲು 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್. ಬ್ಯಾಟರಿಯಲ್ಲಿ ಹಿಡಿಸುವುದು ಮೆಸ್ಕಾಂ ಬಿಲ್ಲಿನ ಲೆಕ್ಕದಲ್ಲಿ ಹೇಳಿದರೆ ಎರಡೂವರೆ ಯೂನಿಟ್ (ಸುಮಾರು 2,500 ವ್ಯಾಟ್‌ಅವರ್), ಅಷ್ಟೇ. ಈ ಒಂದು ಅಂಕಿ ತಲೆಯಲ್ಲಿ ಕೂತರೆ ಅರ್ಧ ಪ್ಲಾನಿಂಗ್ ಮುಗಿಯಿತು. ಒಂದು ಟನ್ ಎಸಿ ಎರಡೂವರೆ ಮೂರು ಗಂಟೆ ಓಡಿದರೆ ಅದು ಖಾಲಿ. ಹಾಗಾಗಿ ಎಸಿ, ಇಂಡಕ್ಷನ್ ಎರಡನ್ನೂ ಮೊದಲೇ ಕೈಬಿಟ್ಟೆವು. ಅಡುಗೆಗೆ ಗ್ಯಾಸ್, ಸೆಕೆಗೆ ಫ್ಯಾನ್ ಮತ್ತು ಕಿಟಕಿಗೆ ಸೊಳ್ಳೆ ಬಲೆ.

ಪ್ಯಾನೆಲ್ ಎಷ್ಟು ವ್ಯಾಟ್ ಬೇಕು ಎಂದು ಎಲ್ಲರೂ ಮೊದಲು ಕೇಳುತ್ತಾರೆ. ಮೊದಲು ನೋಡಬೇಕಾದ್ದು ದಿನಕ್ಕೆ ಎಷ್ಟು ಕರೆಂಟ್ ಸುಡುತ್ತೀರಿ ಎಂಬುದನ್ನು. ಮಗಳು ಒಂದು ವಾರ ಪೂರ್ತಿ ನೋಟ್‌ಬುಕ್ಕಿನಲ್ಲಿ ಬರೆದಿಟ್ಟಳು. 45 ಲೀಟರಿನ ಕಂಪ್ರೆಸರ್ ಫ್ರಿಜ್ ಜನವರಿಯಲ್ಲಿ ದಿನಕ್ಕೆ ಸುಮಾರು 350 ವ್ಯಾಟ್‌ಅವರ್ ತಿನ್ನುತ್ತದೆ, ಏಪ್ರಿಲ್ ಸೆಕೆಗೆ 550. ಮಲ್ಪೆಯಿಂದ ತಂದ ಬಂಗುಡೆಯನ್ನು ಒಮ್ಮೆಲೇ ತುಂಬಿದ ದಿನ ಇನ್ನೂ ಜಾಸ್ತಿ. 12 ವೋಲ್ಟಿನ ಬಿಎಲ್‌ಡಿಸಿ ಫ್ಯಾನ್ ರಾತ್ರಿಯಿಡೀ ತಿರುಗಿದರೆ 300. ಲೈಟು, ಫೋನು, ನನ್ನ ಲ್ಯಾಪ್‌ಟಾಪ್ ಎಲ್ಲ ಸೇರಿ 250. ನೀರಿನ ಪಂಪು, ಮಿಕ್ಸಿ ಲೆಕ್ಕಕ್ಕೇ ಇಲ್ಲ, ಕೆಲವೇ ನಿಮಿಷ ಓಡುವಂಥವು. ಆದರೆ ಇನ್ವರ್ಟರ್ ಸುಮ್ನೆ ಆನ್ ಇದ್ದರೂ 15 ವ್ಯಾಟ್ ಎಳೆಯುತ್ತಿತ್ತು. ದಿನಕ್ಕೆ 360 ವ್ಯಾಟ್‌ಅವರ್, ಅಂದರೆ ಫ್ರಿಜ್ಜಿನಷ್ಟೇ! ಈಗ ಚಟ್ನಿ ಕಡೆದ ಕೂಡಲೇ ಆಫ್ ಮಾಡುತ್ತೇವೆ.

ಇನ್ನು ಬಿಸಿಲು. ಏಪ್ರಿಲ್ ಕೊನೆಯ ವಾರದಲ್ಲಿ ನಮ್ಮ ಉಡುಪಿಯಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಮಲಗಿಸಿಟ್ಟ ಪ್ಯಾನೆಲಿಗೆ ಅದಕ್ಕಿಂತ ಒಳ್ಳೆಯ ಕಾಲ ಇಲ್ಲ ಎಂದುಕೊಂಡಿದ್ದೆ. ಆದರೂ 400 ವ್ಯಾಟಿನಲ್ಲಿ ಬರುವುದು 310ರ ಆಸುಪಾಸು. ಪ್ಯಾನೆಲ್ ಕಾದಷ್ಟೂ ಕರೆಂಟ್ ಕಡಿಮೆ ಕೊಡುತ್ತದೆ. ಅದಕ್ಕೇ ಮಾಡಿಗೆ ಅಂಟಿಸಿಬಿಡಬೇಡಿ, ಅಡಿಯಲ್ಲಿ ಎರಡು ಇಂಚಾದರೂ ಗಾಳಿ ಆಡಲಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಸ್ವಲ್ಪ ಇಳಿಯುತ್ತದೆ, ಆದರೆ ನಮ್ಮ ಖರ್ಚೂ ಆಗ ಕಡಿಮೆ.

ನಿಜವಾದ ಶತ್ರು ನೆರಳು. ಕೋಡಿಬೆಂಗ್ರೆಯಲ್ಲಿ ನೆಂಟರ ತೆಂಗಿನ ತೋಟ ಇದೆ, ಒಂದು ಕಡೆ ಸುವರ್ಣಾ ನದಿ, ಇನ್ನೊಂದು ಕಡೆ ಕಡಲು. ಅಲ್ಲಿ ಮೊದಲ ಸಲ ಟ್ರೇಲರ್ ನಿಲ್ಲಿಸಿ ಫೋನಿನಲ್ಲಿ ಕಂಟ್ರೋಲರ್ ನೋಡುತ್ತಾ ಕೂತಿದ್ದೆ. 260 ವ್ಯಾಟ್ ಬರುತ್ತಿತ್ತು. ಗಾಳಿ ಬೀಸಿ ಒಂದು ತೆಂಗಿನ ಗರಿಯ ನೆರಳು ಪ್ಯಾನೆಲ್‌ಗಳ ಮೇಲೆ ಅಡ್ಡ ಬಿತ್ತು. 90! ಗರಿ ಆಚೆ ಸರಿಯಿತು, ಮತ್ತೆ 250. ಎಡೆಬಿಡದೆ ಇದೇ ಆಟ. ತೋಟಕ್ಕೆ ನೀರು ಬಿಡುವ ಪೈಪನ್ನು ಒಂದು ಕಡೆ ತುಳಿದರೆ ಪೂರ್ತಿ ಪೈಪಿನ ನೀರು ಕಟ್ಟುತ್ತದಲ್ವಾ, ಹಾಗೆ. ಒಳಗಿನ ಸೆಲ್ಲುಗಳು ಸಾಲಾಗಿ ಜೋಡಿಸಿದಂಥವು, ಒಂದಕ್ಕೆ ಬೆಳಕು ತಪ್ಪಿದರೆ ಅದರ ಸಾಲಿಗೇ ಪೆಟ್ಟು. ಎರಡು ಪ್ಯಾನೆಲನ್ನು ಸೀರೀಸ್, ಪ್ಯಾರಲಲ್ ಎರಡೂ ರೀತಿ ಜೋಡಿಸಿ ನೋಡಿದೆ. ಗರಿಯ ನೆರಳಿನ ಎದುರು ದೊಡ್ಡ ವ್ಯತ್ಯಾಸ ಕಾಣಲಿಲ್ಲ.

ನಮಗೆ ನೆರಳು ಬೇಕು, ಪ್ಯಾನೆಲಿಗೆ ಬಿಸಿಲು ಬೇಕು. ಬಯಲಿನಲ್ಲಿ ನಿಲ್ಲಿಸಿದರೆ ಒಳಗೆ ಕೂರಲು ಸಾಧ್ಯವಿಲ್ಲ. ಇದಕ್ಕೆ ಸಿಕ್ಕಿದ ಉತ್ತರ 120 ವ್ಯಾಟಿನ ಮಡಚುವ ಪ್ಯಾನೆಲ್, 10 ಮೀಟರ್ ಉದ್ದದ 6 ಸ್ಕ್ವೇರ್ ಎಂಎಂ ವಯರ್, ಅದಕ್ಕೇ ಬೇರೆ 75/15 ಕಂಟ್ರೋಲರ್. ಟ್ರೇಲರ್ ನೆರಳಿನ ಅಂಚಿನಲ್ಲಿ, ಪ್ಯಾನೆಲ್ ಹೊಯಿಗೆಯ ಮೇಲೆ ಸೂರ್ಯನ ಕಡೆ ಮುಖ ಮಾಡಿ. ದಿನಕ್ಕೆ ಎರಡು ಮೂರು ಸಲ ತಿರುಗಿಸಿದರೆ ಫ್ರಿಜ್ಜಿನ ಖರ್ಚು ಅದೊಂದೇ ಹೊರುತ್ತದೆ. ಇನ್ನೊಮ್ಮೆ ಶುರುವಿನಿಂದ ಮಾಡುವುದಾದರೆ ಮಾಡಿನ ಪ್ಯಾನೆಲಿಗಿಂತ ಮೊದಲು ಇದನ್ನು ಕೊಳ್ಳುತ್ತೇನೆ. ಇನ್ನೊಂದು ಮಾತು, ತೋಟದಲ್ಲಿ ನಿಲ್ಲಿಸುವ ಮುಂಚೆ ಕಾಯಿ ಕೊಯ್ಸಿದ್ದಾರಾ ಕೇಳಿ. ತೆಂಗಿನಕಾಯಿ ಬಿದ್ದರೆ ಪ್ಯಾನೆಲಿನ ಗಾಜು ಉಳಿಯುವುದಿಲ್ಲ.

ಉಪ್ಪುಗಾಳಿಯ ಪಾಠ ಕಲಿತದ್ದು 2022ರ ಅಕ್ಟೋಬರಿನಲ್ಲಿ, ಮರವಂತೆ ಹತ್ತಿರ. ಹೆಂಡತಿ ಮೀನು ಸಾರಿಗೆ ತೆಂಗಿನಕಾಯಿ ಕಡೆಯುತ್ತಿದ್ದಳು. ಇನ್ವರ್ಟರ್ ಕಿರುಚಿ ಬಂದ್ ಆಯಿತು. ಬ್ಯಾಟರಿ 90 ಪರ್ಸೆಂಟ್ ಇತ್ತು. ಎರಡನೇ ಸಲ ಹಾಕಿದಾಗ "ಏನೋ ಪ್ಲಾಸ್ಟಿಕ್ ಸುಟ್ಟ ವಾಸನೆ, ನಿಲ್ಸಿ ನಿಲ್ಸಿ" ಎಂದಳು. ಅವಳ ಮೂಗಿಗೆ ನಾನು ಯಾವತ್ತೂ ಋಣಿ. ಎಲ್ಲ ತಣ್ಣಗಾದ ಮೇಲೆ ಸೀಟು ಎತ್ತಿ, ಮಿಕ್ಸಿಯನ್ನು ಕ್ಷಣ ಮಾತ್ರ ಓಡಿಸಿ ಮೀಟರ್ ಹಿಡಿದೆ. ಬ್ಯಾಟರಿಯ ಟರ್ಮಿನಲ್‌ನಲ್ಲಿ 13.1 ವೋಲ್ಟ್, ಇನ್ವರ್ಟರ್ ಕಡೆ 11.2. ಹರಿಯುತ್ತಿದ್ದದ್ದು 50 ಆಂಪಿಯರ್. ಅಂದರೆ 95 ವ್ಯಾಟ್ ನಡುವೆ ಎಲ್ಲೋ ಬೆಂಕಿಯಾಗುತ್ತಿತ್ತು. ಫ್ಯೂಸ್ ಹೋಲ್ಡರಿನ ಪ್ಲಾಸ್ಟಿಕ್ ಕರಗಿ ವಾಲಿತ್ತು. ಪಕ್ಕದ ಲಗ್ಗನ್ನು (ವಯರಿನ ತುದಿಗೆ ಕೂರಿಸುವ ಲೋಹದ ಬಳೆ) ಎಳೆದರೆ ವಯರ್ ಕೈಗೇ ಬಂತು. ಒಳಗಿನ ಎಳೆಗಳೆಲ್ಲ ಹಸಿರು ಕಿಲುಬು. ಟ್ರೇಲರ್ ಮಾಡಿಕೊಟ್ಟವರು ಸಾದಾ ತಾಮ್ರದ ವಯರಿಗೆ ಲಗ್ಗನ್ನು ಸುತ್ತಿಗೆಯಿಂದ ಬಡಿದು ಕೂರಿಸಿದ್ದರು. ಮೂರು ಜನ ಮಲಗುವ ಗಾಡಿಗೆ ಹೀಗೆ ಕೆಲಸ ಮಾಡುವುದು ತಪ್ಪು, ನನಗೆ ಇಂದಿಗೂ ಅದರ ಬೇಸರ ಇದೆ.

ಸರಿ ಮಾಡಿಕೊಟ್ಟದ್ದು ಮಲ್ಪೆ ಬಂದರಿನಲ್ಲಿ ಬೋಟುಗಳಿಗೆ ವಯರಿಂಗ್ ಮಾಡುವ ಒಬ್ಬರು. ನೋಡಿದ ಕೂಡಲೇ "ಬರೀ ತಾಮ್ರ ಉಪ್ಪುಗಾಳಿಗೆ ನಿಲ್ಲುದಿಲ್ಲ ಮಾರಾಯ್ರೆ" ಎಂದರು. ಪಾತ್ರೆಗೆ ಕಲಾಯಿ ಹಾಕಿದ ಹಾಗೆ ಪ್ರತಿ ಎಳೆಗೂ ತವರ ಹಾಕಿದ ವಯರ್ ಬರುತ್ತದೆ, ಬೋಟಿಗೆ ಅದನ್ನೇ ಬಳಸುತ್ತಾರೆ. 35 ಸ್ಕ್ವೇರ್ ಎಂಎಂ ದಪ್ಪದ್ದನ್ನೇ ಹಾಕಿದರು. ಲಗ್ಗನ್ನು ಹೈಡ್ರಾಲಿಕ್ ಕ್ರಿಂಪರಿನಲ್ಲಿ ಒತ್ತಿ, ಒಳಗೆ ಅಂಟು ಇರುವ, ಬಿಸಿಗೆ ಕುಗ್ಗುವ ಶ್ರಿಂಕ್ ಟ್ಯೂಬ್ ಹಾಕಿ ಬಿಸಿ ಮಾಡಿದರು. ಟ್ಯೂಬಿನ ಬಾಯಿಂದ ಅಂಟು ಸಣ್ಣ ಮಣಿಯ ಹಾಗೆ ಹೊರಗೆ ಬರುವವರೆಗೂ ಬಿಡಲಿಲ್ಲ. ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನ ಒಳಗೆ ಇಟ್ಟರು. ಈಗ ಅದೇ ಮಿಕ್ಸಿಗೆ ಎರಡು ತುದಿಗಳ ನಡುವಿನ ವ್ಯತ್ಯಾಸ 0.2 ವೋಲ್ಟ್. ನಮ್ಮೂರಿನಲ್ಲಿ ಈ ಕೆಲಸಕ್ಕೆ ಕಾರಿನ ಎಲೆಕ್ಟ್ರಿಷಿಯನ್‌ಗಿಂತ ಬೋಟಿನವರೇ ಮೇಲು ಎಂದು ಧೈರ್ಯವಾಗಿ ಹೇಳುತ್ತೇನೆ. ಮಾಡಿನ ಅಲ್ಯೂಮಿನಿಯಂ ಬ್ರಾಕೆಟ್ಟಿಗೆ ಸ್ಟೀಲ್ ಬೋಲ್ಟ್ ತಾಗಿದ ಕಡೆ ಬಿಳಿ ಪುಡಿ ಏಳುತ್ತಿತ್ತು, ನಡುವೆ ನೈಲಾನ್ ವಾಷರ್ ಹಾಕಿದ ಮೇಲೆ ನಿಂತಿತು. ಕಡಲ ಬದಿ ಇರುವಾಗ ಪ್ಯಾನೆಲನ್ನು ವಾರಕ್ಕೊಮ್ಮೆ ಸಿಹಿನೀರಿನಲ್ಲಿ ಒರೆಸುತ್ತೇವೆ.

ಮಳೆಗಾಲದಲ್ಲಿ ಸೋಲಾರ್ ಒಂದನ್ನೇ ನಂಬಿ ಹೋಗಬೇಡಿ. 2023ರ ಜುಲೈಯಲ್ಲಿ ಹೆಬ್ರಿ ದಾಟಿ ಚಿಕ್ಕಪ್ಪನ ಅಡಿಕೆ ತೋಟದಲ್ಲಿ ಮೂರು ದಿನ ಇದ್ದೆವು. ಬಂದದ್ದು ಕ್ರಮವಾಗಿ 210, 340, 180 ವ್ಯಾಟ್‌ಅವರ್. ಫ್ಯಾನ್ ಬೇಕಿರಲಿಲ್ಲ, ಫ್ರಿಜ್ ಆರಿಸಿದೆವು. ಕಾಪಾಡಿದ್ದು ಕಾರಿನ ಚಾರ್ಜರ್. ಒಂದು ಗಂಟೆ ಓಡಿದರೆ ಸುಮಾರು 400 ವ್ಯಾಟ್‌ಅವರ್. ಆದರೆ ಟ್ರೇಲರಿನ ಲೈಟಿಗೆ ಇರುವ ಸಣ್ಣ ವಯರಿನಲ್ಲಿ ಇದು ಆಗುವ ಕೆಲಸ ಅಲ್ಲ. ಕಾರಿನ ಬ್ಯಾಟರಿಯಿಂದ ಹಿಂದಿನವರೆಗೆ ದಪ್ಪ ವಯರ್, ಎರಡೂ ತುದಿಗೆ ಫ್ಯೂಸ್, ಜಾಸ್ತಿ ಕರೆಂಟ್ ತಾಳುವ ಆಂಡರ್ಸನ್ ಕನೆಕ್ಟರ್ ಬೇಕೇ ಬೇಕು.

ಬ್ಯಾಟರಿ ಪೆಟ್ಟಿಗೆಯ ಮೇಲಿನ ನಾಲ್ಕು ಲೈಟಿನ ಮೀಟರ್ ನಂಬಬೇಡಿ. ಲಿಥಿಯಂ ಫಾಸ್ಫೇಟ್ 80 ಪರ್ಸೆಂಟ್ ಇದ್ದಾಗಲೂ 40 ಇದ್ದಾಗಲೂ ವೋಲ್ಟೇಜ್ 13ರ ಹತ್ತಿರವೇ. ಬ್ಯಾಟರಿಯ ವಯರಿಗೆ ಶಂಟ್ ಎಂಬ ಅಳೆಯುವ ಸಾಧನ ಹಾಕಿಸಿ, ಹೋದ ಬಂದ ಕರೆಂಟನ್ನೆಲ್ಲ ಅದು ಎಣಿಸುತ್ತದೆ. ಮೊದಲ ಮಳೆಗಾಲ ಟ್ರೇಲರನ್ನು ಶೀಟಿನ ಮಾಡಿನ ಅಡಿ ಎರಡೂವರೆ ತಿಂಗಳು ನಿಲ್ಲಿಸಿದ್ದೆವು. ಬಿಸಿಲಿಲ್ಲ, ಸಣ್ಣಪುಟ್ಟದ್ದೆಲ್ಲ ಎಳೆದು ಎಳೆದು ಬ್ಯಾಟರಿಯ ಒಳಗಿನ ಬಿಎಂಎಸ್ (ಬ್ಯಾಟರಿಯನ್ನು ಕಾಯುವ ಸರ್ಕ್ಯೂಟ್) ತಾನೇ ಬಂದ್ ಮಾಡಿಕೊಂಡಿತ್ತು. ಹೊರಗೆ ಎಳೆದರೂ ಕಂಟ್ರೋಲರ್‌ಗೆ ಬ್ಯಾಟರಿಯೇ ಕಾಣಲಿಲ್ಲ, ಬೇರೆ ಚಾರ್ಜರ್ ಕೊಟ್ಟು ಎಬ್ಬಿಸಬೇಕಾಯಿತು. ಈಗ ಅರ್ಧ ಚಾರ್ಜಿನಲ್ಲಿಟ್ಟು, ಮೊದಲು ಪ್ಯಾನೆಲ್ ತಪ್ಪಿಸಿ, ಆಮೇಲೆ ಮೇನ್ ಸ್ವಿಚ್ ಆರಿಸುತ್ತೇನೆ.

ಎಲ್ಲ ಸೇರಿ ಖರ್ಚು ಒಂದೂವರೆ ಲಕ್ಷ ದಾಟಿತು, ಅದರಲ್ಲಿ 60 ಸಾವಿರಕ್ಕೂ ಮೇಲೆ ಬ್ಯಾಟರಿಗೇ. ಮನೆಯ ಇನ್ವರ್ಟರಿನ ಟ್ಯೂಬುಲರ್ ಬ್ಯಾಟರಿ ಇಡಬಹುದಿತ್ತಲ್ವಾ ಎಂದು ಕೇಳಿದವರಿದ್ದಾರೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಬಳಸಿದರೆ ಆಯುಷ್ಯ ಕಡಿಮೆ, ತೂಕ 50 ಕಿಲೋಗೂ ಮೇಲೆ, ಚಾರ್ಜ್ ಆಗುವಾಗ ಹೈಡ್ರೋಜನ್ ಬಿಡುತ್ತದೆ. ಮಲಗುವ ಜಾಗದಲ್ಲಿ ಅದು ಬೇಡ. ಲಿಥಿಯಂಗೆ ಕೊಟ್ಟ ದುಡ್ಡಿನ ಬಗ್ಗೆ ನನಗೆ ಬೇಸರವಿಲ್ಲ. ಕಳೆದ ಡಿಸೆಂಬರಿನಲ್ಲಿ ಪೂರ್ತಿ ತುಂಬಿಸಿ, ಫ್ಯಾನು, ಲೈಟು, ಫ್ರಿಜ್ ಹಾಕಿ ಅದೇ ಬಂದ್ ಆಗುವವರೆಗೆ ಇಳಿಸಿ ನೋಡಿದೆ. 200ರಲ್ಲಿ 191 ಆಂಪಿಯರ್‌ಅವರ್ ಕೊಟ್ಟಿತು.

ಮಡಚುವ ಪ್ಯಾನೆಲ್ ಮಾತ್ರ ಮಡಿಕೆಯ ಹತ್ತಿರ ಹರಿಯಲು ಶುರುವಾಗಿದೆ. ಅದರ ಬದಲಿಗೆ 100 ವ್ಯಾಟಿನ ಗಾಜಿನ ಪ್ಯಾನೆಲಿಗೆ ಅಲ್ಯೂಮಿನಿಯಂ ಕಾಲು ಮಾಡಿಸಲು ಕೊಟ್ಟಿದ್ದೇನೆ. ಕೋಡಿಬೆಂಗ್ರೆಗೆ ಮುಂದಿನ ಸಲ ಹೋಗುವುದು ಅದು ಕೈಗೆ ಬಂದ ಮೇಲೆಯೇ.